ರೆಪ್ಪೆ ಬಡಿಯಲು ಮರೆತವರು

ದಮಯಂತಿಯ ಸ್ವಯಂವರದಲ್ಲಿ ಐವರು ನಳರು ಸಾಲಾಗಿ ಕೂತಿದ್ದರಂತೆ. ನಾಲ್ವರು ವೇಷ ಹಾಕಿದ ದೇವತೆಗಳು, ಒಬ್ಬ ಮಾತ್ರ ಅಸಲಿ. ಮೈ ಬೆವೆತವನು, ಹಾರ ಬಾಡಿದವನು, ನೆರಳು ಬಿದ್ದವನು, ಎಲ್ಲಕ್ಕಿಂತ ಹೆಚ್ಚಾಗಿ ರೆಪ್ಪೆ ಬಡಿಯುತ್ತಿದ್ದವನು ಮನುಷ್ಯ ಎಂದು ಆಕೆ ಗುರುತು ಹಿಡಿದಳು. ಅದೇ ಪರೀಕ್ಷೆಯನ್ನು ಕಂಪ್ಯೂಟರ್ ಮುಂದೆ ಕೂತವರ ಮೇಲೆ ಮಾಡಲು ಹೋದರೆ ದಮಯಂತಿ ಸೋಲುವ ಸಾಧ್ಯತೆಯೇ ಜಾಸ್ತಿ. ಸುಮ್ಮನೆ ಕೂತಾಗ ನಿಮಿಷಕ್ಕೆ 15ರಿಂದ 20 ಸಲ ಬಡಿಯುವ ರೆಪ್ಪೆ, ಪರದೆಯಲ್ಲಿ ಮುಳುಗಿದಾಗ 5ರಿಂದ 7ಕ್ಕೆ ಇಳಿದುಬಿಡುತ್ತದೆ. ಅದರಲ್ಲೂ ಎಷ್ಟೋ ಅರೆಬರೆ: ಮೇಲಿನ ರೆಪ್ಪೆ ಅರ್ಧ ದಾರಿ ಇಳಿದು, ಕೆಳಗಿನದನ್ನು ಮುಟ್ಟದೆ, ಕೆಲಸ ಆಯಿತೆಂಬಂತೆ ವಾಪಸು ಹೋಗುತ್ತದೆ.

ಇಷ್ಟಾದರೂ ಕಣ್ಣುರಿಯ ಅಪವಾದ ಹೊತ್ತಿರುವುದು ಪರದೆಯ ಬೆಳಕು, ಅದರಲ್ಲೂ ನೀಲಿ ಬೆಳಕು. ಅದನ್ನು ತಡೆಯುವ ಕನ್ನಡಕಗಳು ಭರ್ಜರಿಯಾಗಿ ಮಾರಾಟವಾಗುತ್ತವೆ. 2023ರಲ್ಲಿ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಇಂಥ ಗಾಜು ಸಾಧಾರಣ ಗಾಜಿಗಿಂತ ಕಣ್ಣಿನ ದಣಿವನ್ನು ಚೆನ್ನಾಗಿ ತಗ್ಗಿಸುತ್ತದೆ ಎನ್ನುವುದಕ್ಕೆ ಆಧಾರ ಸಿಗಲಿಲ್ಲ. ಹಗಲಿನ ಆಕಾಶ ನಮ್ಮ ಕಣ್ಣಿಗೆ ಸುರಿಯುವ ನೀಲಿ ಬೆಳಕಿನ ಮುಂದೆ ಮಾನಿಟರಿನದು ಚಿಲ್ಲರೆ. ರಾತ್ರಿ ಪರದೆಯನ್ನು ಹಳದಿ ಮಾಡಿಕೊಂಡರೆ ಹಿತವೆನಿಸಬಹುದು, ಮಾಡಿಕೊಳ್ಳಿ. ಆದರೆ ಉರಿಯ ಮೂಲ ಅಲ್ಲಿಲ್ಲ.

ಮೂಲ ಇರುವುದು ಕಣ್ಣೀರಿನ ಪೊರೆಯಲ್ಲಿ. ಅಳುವಾಗ ಬರುವ ಕಣ್ಣೀರಲ್ಲ; ಕಣ್ಣುಗುಡ್ಡೆಯ ಮೇಲೆ ಸದಾ ಹರಡಿಕೊಂಡಿರುವ, ಸುಮಾರು 3 ಮೈಕ್ರಾನ್ ದಪ್ಪದ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲಿನಷ್ಟು ತೆಳುವಾದ ಪೊರೆ. ಅಷ್ಟರಲ್ಲೇ ತಳದಲ್ಲಿ ಲೋಳೆ, ನಡುವೆ ನೀರು, ಮೇಲೆ ಎಣ್ಣೆ. ನೀರು ಆವಿಯಾಗದಂತೆ ಕಾಯುವುದು ಈ ಎಣ್ಣೆ. ಅದು ಬರುವುದು ರೆಪ್ಪೆಯೊಳಗಿನ ಮೈಬೋಮಿಯನ್ ಗ್ರಂಥಿಗಳಿಂದ: ಮೇಲಿನ ರೆಪ್ಪೆಯಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30. ರೆಪ್ಪೆಗೂದಲ ಸಾಲಿನ ಹಿಂದೆಯೇ ಇವುಗಳ ಬಾಯಿ. ಎರಡೂ ರೆಪ್ಪೆ ಪೂರ್ತಿ ಕೂಡಿದಾಗ ಗ್ರಂಥಿ ಹಿಂಡಿದಂತಾಗಿ ಚೂರು ಎಣ್ಣೆ ಹೊರಬರುತ್ತದೆ, ರೆಪ್ಪೆ ಮೇಲೇಳುವಾಗ ಅದನ್ನು ಸವರಿಕೊಂಡು ಹೋಗುತ್ತದೆ. ಚೆನ್ನಾಗಿರುವ ಕಣ್ಣಿನಲ್ಲಿ ಪೊರೆ 10 ಸೆಕೆಂಡಿಗೂ ಮೇಲೆ ಒಡೆಯದೆ ನಿಲ್ಲುತ್ತದೆ. ಒಣಗುವ ಕಣ್ಣಿನಲ್ಲಿ ಅದಕ್ಕೂ ಮೊದಲೇ ಒಡೆಯುತ್ತದೆ. ನಿಮಿಷಕ್ಕೆ 5 ಸಲ ಬಡಿದರೆ ಎರಡು ಬಡಿತದ ನಡುವೆ 12 ಸೆಕೆಂಡು. ಲೆಕ್ಕ ತಪ್ಪುವುದು ಇಲ್ಲೇ. ಪೊರೆ ಹರಿದ ಕಡೆ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಬಯಲಿಗೆ ಬೀಳುತ್ತದೆ, ಅಕ್ಷರ ಮಂಜಾಗುತ್ತದೆ, ಮರಳು ಬಿದ್ದ ಹಾಗೆ ಕೆರೆಯುತ್ತದೆ. ಒಮ್ಮೆ ರೆಪ್ಪೆ ಬಡಿದ ಕೂಡಲೇ ಅಕ್ಷರ ಸ್ಪಷ್ಟವಾದರೆ ತೊಂದರೆ ಪೊರೆಯದು ಎಂದೇ ಬಹುಪಾಲು ಹೇಳಬಹುದು.

"ನನ್ನ ಕಣ್ಣಲ್ಲಿ ನೀರು ಸುರಿಯುತ್ತದೆ, ಒಣಗುವುದು ಎಲ್ಲಿಂದ ಬಂತು?" ಎಂದು ವಾದಿಸುವವರಿದ್ದಾರೆ. ಸುರಿಯುವುದೇ ಒಣಗಿದ್ದಕ್ಕೆ ಸಾಕ್ಷಿ. ಕಾರ್ನಿಯಾದ ನರಗಳು ಬೊಬ್ಬೆ ಹೊಡೆದಾಗ ಕಣ್ಣೀರ ಗ್ರಂಥಿ ಗಾಬರಿಬಿದ್ದು ನೀರು ಬಿಡುತ್ತದೆ. ಎಣ್ಣೆ ಸಾಲದ ಆ ನೀರು ನಿಲ್ಲದೆ ಕೆನ್ನೆಗೆ ಇಳಿಯುತ್ತದೆ.

ಹಾಗಾಗಿ ಮೊದಲ ಮದ್ದು ಪುಕ್ಕಟೆಯದು. ಕಣ್ಣನ್ನು ಮೆಲ್ಲಗೆ ಮುಚ್ಚಿ, ಎರಡು ಎಣಿಸಿ, ರೆಪ್ಪೆಗಳನ್ನು ತುಸು ಒತ್ತಿ, ತೆರೆಯಿರಿ. ಒಂದು ಸರದಿಗೆ ಐದಾರು ಸಲ ಸಾಕು. ನೆನಪಿರುವುದೇ ಕಷ್ಟ, ಕಣ್ಣು ಬಿಟ್ಟುಕೊಂಡು ಓದುವವನಿಗೆ ಕಣ್ಣು ಮುಚ್ಚುವ ನೆನಪು ಬರುವುದಾದರೂ ಹೇಗೆ? ಇದನ್ನು ಬೇರೊಂದು ಕೆಲಸಕ್ಕೆ ಗಂಟು ಹಾಕಬೇಕು: ಮೇಲ್ ಕಳಿಸಿದಾಗಲೆಲ್ಲ, ಫೈಲ್ ಸೇವ್ ಮಾಡಿದಾಗಲೆಲ್ಲ.

ಎರಡನೆಯ ದಣಿವು ಕಣ್ಣಿನ ಒಳಗಿನದು. ಹತ್ತಿರದ್ದನ್ನು ನೋಡಲು ಸಿಲಿಯರಿ ಎಂಬ ಸ್ನಾಯು ಬಿಗಿಯಬೇಕು, ಆಗ ಮಸೂರ ಉಬ್ಬುತ್ತದೆ. ಎರಡೂ ಕಣ್ಣು ಮೂಗಿನ ಕಡೆ ತಿರುಗಬೇಕು. 6 ಮೀಟರ್ ಆಚೆ ನೋಡುವಾಗ ಈ ಶ್ರಮ ಇಲ್ಲವೆನ್ನುವಷ್ಟು ಕಡಿಮೆ. 50 ಸೆಂಟಿಮೀಟರ್ ದೂರದ ಮಾನಿಟರಿಗೆ 2 ಡಯಾಪ್ಟರ್ (ಮಸೂರದ ಬಲದ ಅಳತೆ), ಮಲಗಿಕೊಂಡು 25 ಸೆಂಟಿಮೀಟರಿಗೆ ಎಳೆದುಕೊಂಡ ಮೊಬೈಲಿಗೆ 4. ತುಂಬಿದ ಕೊಡವನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದು ನಿಂತವರ ತೋಳಿಗೆ ಏನಾಗುತ್ತದೋ ಈ ಸ್ನಾಯುವಿಗೂ ಅದೇ. ಸಂಜೆ ತಲೆಯೆತ್ತಿ ದೂರ ನೋಡಿದಾಗ ಒಂದು ಗಳಿಗೆ ಎಲ್ಲ ಮಸುಕಾಗಿ ಕಂಡರೆ, ಸ್ನಾಯು ಬಿಗಿ ಬಿಡಲು ತಡ ಮಾಡುತ್ತಿದೆ ಎಂದರ್ಥ.

ಇದಕ್ಕೆ ಅಮೆರಿಕದ ದೃಷ್ಟಿತಜ್ಞ ಜೆಫ್ರಿ ಆನ್ಶೆಲ್ 1990ರ ದಶಕದಲ್ಲಿ ಕೊಟ್ಟ ಸೂತ್ರ 20-20-20: ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದ್ದನ್ನು, ಇಪ್ಪತ್ತು ಸೆಕೆಂಡು ನೋಡಿ. ಅಂಕಿಗಳು ನೆನಪಿಗೆಂದು ಜೋಡಿಸಿದವು. ಇಪ್ಪತ್ತೈದು ನಿಮಿಷವಾದರೆ ಪ್ರಳಯವೇನೂ ಆಗದು. ಎಡವುವುದು ಬೇರೆ ಕಡೆ. ಮಾನಿಟರಿನಿಂದ ಕಣ್ಣು ಕಿತ್ತು ಮೊಬೈಲಿಗೆ ಹಾಕುವುದನ್ನು ವಿರಾಮ ಎಂದು ಕರೆಯುತ್ತೇವೆ. ಕಣ್ಣಿನ ಪಾಲಿಗೆ ಅದು ಬಡ್ತಿಯಿಲ್ಲದ ಓವರ್‌ಟೈಮ್. ಕೋಣೆಯಲ್ಲಿ 20 ಅಡಿ ಇಲ್ಲ, ಕಿಟಕಿಯೂ ಇಲ್ಲ ಎನ್ನುವವರಿಗೊಂದು ಉಪಾಯವಿದೆ: ಕನ್ನಡಿ. 3 ಮೀಟರ್ ದೂರದ ಕನ್ನಡಿಯಲ್ಲಿ ನಿಮ್ಮದೇ ಬಿಂಬ ನೋಡಿದರೆ ಕಣ್ಣು 6 ಮೀಟರಿಗೆ ಹೊಂದಿಕೊಳ್ಳುತ್ತದೆ. ಚಿಕ್ಕ ಕೋಣೆಗಳಲ್ಲಿ ದೃಷ್ಟಿ ಪರೀಕ್ಷೆ ಮಾಡುವವರು ಬಳಸುವ ಉಪಾಯವೂ ಇದೇ.

ಇನ್ನು ಪರದೆಯನ್ನು ಇಡುವ ಸಂಗತಿ. ದೂರ 50ರಿಂದ 70 ಸೆಂಟಿಮೀಟರ್, ಚಾಚಿದ ಕೈಯ ಅಳತೆ. ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ; ನಡುಭಾಗ 15ರಿಂದ 20 ಡಿಗ್ರಿ ತಗ್ಗಿನಲ್ಲಿ. 60 ಸೆಂಟಿಮೀಟರ್ ದೂರಕ್ಕೆ ಇದು ಕಣ್ಣಿನ ಮಟ್ಟದಿಂದ 16ರಿಂದ 22 ಸೆಂಟಿಮೀಟರ್ ಕೆಳಗೆ ಬರುತ್ತದೆ. ತಗ್ಗಿಸಿ ನೋಡುವಾಗ ರೆಪ್ಪೆ ಇಳಿದಿರುತ್ತದೆ, ಗಾಳಿಗೆ ತೆರೆದುಕೊಳ್ಳುವ ಜಾಗ ಕಡಿಮೆ. ಕತ್ತು ನೋವೆಂದು ಮಾನಿಟರನ್ನು ಪುಸ್ತಕಗಳ ಮೇಲೆ ಏರಿಸಿ ಏರಿಸಿ ಹಣೆಯ ಮಟ್ಟಕ್ಕೆ ತಂದವರ ಕಣ್ಣು ದಿನವಿಡೀ ಅಗಲವಾಗಿ ತೆರೆದೇ ಇರುತ್ತದೆ. ಅದರ ಮೇಲೆ ಎದುರಿನಿಂದ ಫ್ಯಾನೋ ಏಸಿಯೋ ಮುಖಕ್ಕೆ ಬೀಸುತ್ತಿದ್ದರೆ ಕೇಳುವುದೇ ಬೇಡ. ಗಾಳಿ ಪಕ್ಕಕ್ಕೆ ತಿರುಗಲಿ.

ಬೆಳಕಿಗೆ ಎರಡು ಪರೀಕ್ಷೆ ಸಾಕು. ಪರದೆಯನ್ನು ಆರಿಸಿ, ಕೂತ ಜಾಗದಿಂದಲೇ ನೋಡಿ: ಆ ಕಪ್ಪಿನಲ್ಲಿ ಕಿಟಕಿಯೋ ದೀಪವೋ ಕಂಡರೆ ದಿನವಿಡೀ ಅದರ ಮೂಲಕವೇ ಓದುತ್ತಿದ್ದೀರಿ. ಪರದೆಯನ್ನು ತಿರುಗಿಸಿ, ಕಿಟಕಿ ಬೆನ್ನಿಗೂ ಬೇಡ, ಎದುರಿಗೂ ಬೇಡ, ಪಕ್ಕಕ್ಕಿರಲಿ. ಆಮೇಲೆ ಖಾಲಿ ಬಿಳಿ ಪುಟ ತೆರೆದು ಪಕ್ಕದಲ್ಲಿ ಬಿಳಿ ಕಾಗದ ಹಿಡಿಯಿರಿ. ಪರದೆ ದೀಪವಾಗಿ ಹೊಳೆದರೆ ಬ್ರೈಟ್‌ನೆಸ್ ಜಾಸ್ತಿ, ಬೂದುಬೂದಾದರೆ ಕಡಿಮೆ. ಡಾರ್ಕ್ ಮೋಡ್ ಎಲ್ಲರಿಗೂ ವರದಾನವಲ್ಲ. ಕಪ್ಪು ಹಿನ್ನೆಲೆಯಲ್ಲಿ ಪಾಪೆ ಹಿಗ್ಗುತ್ತದೆ, ಅಸ್ಟಿಗ್ಮ್ಯಾಟಿಸಂ (ಕಾರ್ನಿಯಾದ ಅಥವಾ ಮಸೂರದ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದಿರುವ ದೋಷ) ಇದ್ದವರಿಗೆ ಬಿಳಿ ಅಕ್ಷರ ಚದುರಿದಂತೆ ಕಾಣುತ್ತದೆ. ಅಕ್ಷರದ ಗಾತ್ರದಲ್ಲಿ ಮಾತ್ರ ಜಿಪುಣತನ ಬೇಡ, ಕನ್ನಡ ಓದುವವರಿಗಂತೂ. 'ರಾಷ್ಟ್ರ'ದ ಷ ಕಾಲಡಿಗೆ ಟ, ರ ಎರಡೂ ಒತ್ತುಗಳು ತೂರಿಕೊಂಡಿರುತ್ತವೆ. ಇಂಗ್ಲಿಷಿಗೆ ಸಾಕಾದ ಗಾತ್ರದಲ್ಲಿ ಅದು ಬರೀ ಕಪ್ಪು ಚುಕ್ಕೆ.

ನಲವತ್ತು ದಾಟಿದವರ ಗೋಳು ಕನ್ನಡಕದ್ದು. ಪ್ರೋಗ್ರೆಸಿವ್ ಗಾಜಿನ ಮೇಲ್ಭಾಗ ದೂರಕ್ಕೆ, ಕೆಳಭಾಗ ಓದಿಗೆ. ಮಾನಿಟರ್ ಇರುವುದು ಇವೆರಡರ ನಡುವೆ. ಆ ಕಿರಿದಾದ ಪಟ್ಟಿಯನ್ನು ಹುಡುಕುತ್ತ ಗದ್ದ ಎತ್ತಿ ಕೂರುತ್ತಾರೆ, ಕಣ್ಣಿನ ಜೊತೆ ಕತ್ತೂ ಹೋಗುತ್ತದೆ. ಪರೀಕ್ಷೆಗೆ ಹೋಗುವ ಮುಂಚೆ ಟೇಪು ಹಿಡಿದು ಕಣ್ಣಿಗೂ ಪರದೆಗೂ ಇರುವ ದೂರ ಅಳೆದುಕೊಂಡು ಹೋಗಿ. ಆ ಒಂದು ಅಂಕಿ ಹೇಳಿದರೆ ಅದಕ್ಕೇ ಹೊಂದುವ ಗಾಜು ಬರೆದುಕೊಡುತ್ತಾರೆ. ಚಿಕ್ಕ ವಯಸ್ಸಿನವರಲ್ಲೂ ಅರ್ಧ ಡಯಾಪ್ಟರಿನ ಅಸ್ಟಿಗ್ಮ್ಯಾಟಿಸಂ ಸರಿಪಡಿಸದೆ ಬಿಟ್ಟರೆ ಸಂಜೆ ಹೊತ್ತಿಗೆ ತಲೆನೋವು ತರಬಲ್ಲದು.

ರೆಪ್ಪೆಯ ಎಣ್ಣೆ ಗಟ್ಟಿಯಾಗಿ ಗ್ರಂಥಿ ಕಟ್ಟಿಕೊಂಡಿದ್ದರೆ ಬಿಸಿ ಶಾಖ. ಮುಚ್ಚಿದ ಕಣ್ಣಿನ ಮೇಲೆ ಹದವಾಗಿ ಬಿಸಿಯಾದ ಒದ್ದೆ ಬಟ್ಟೆ, 5ರಿಂದ 10 ನಿಮಿಷ. ಬಟ್ಟೆ ಎರಡು ನಿಮಿಷಕ್ಕೆಲ್ಲ ಆರಿಹೋಗುತ್ತದೆ. ಮತ್ತೆ ಬಿಸಿನೀರಿನಲ್ಲಿ ಅದ್ದಿ ಹಿಂಡದಿದ್ದರೆ ಉಳಿದ ಹೊತ್ತೆಲ್ಲ ತಣ್ಣನೆಯ ಬಟ್ಟೆ ಇಟ್ಟುಕೊಂಡು ಮಲಗಿದ್ದಷ್ಟೇ ಲಾಭ. ಆಮೇಲೆ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಹಗುರ ನೀವಬೇಕು. ಉಜ್ಜುವುದಲ್ಲ. ಕಣ್ಣು ಉಜ್ಜುವ ಚಟ ವರ್ಷಗಟ್ಟಲೆ ಇದ್ದರೆ ಕಾರ್ನಿಯಾದ ಆಕಾರವೇ ಕೆಡಬಹುದು.

ಹನಿ ಔಷಧದಲ್ಲಿ ಬೇಕಿರುವುದು ಕೃತಕ ಕಣ್ಣೀರು ಮಾತ್ರ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾಗುವವರು ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ ಕೊಳ್ಳಬೇಕು, ಆ ರಾಸಾಯನಿಕವೇ ಒಣಗಿದ ಕಣ್ಣನ್ನು ಕೆಣಕುತ್ತದೆ. ಕೆಂಪು ಕಳೆಯುವ ಹನಿ ರಕ್ತನಾಳವನ್ನು ಕುಗ್ಗಿಸಿ ಬೆಳ್ಳಗೆ ತೋರಿಸುತ್ತದಷ್ಟೆ. ರೂಢಿಯಾದರೆ ಪ್ರಭಾವ ಇಳಿದ ಮೇಲೆ ಕೆಂಪು ಇಮ್ಮಡಿಸಿ ಬರುತ್ತದೆ. ಯಾರೋ ಕೊಟ್ಟ ಸ್ಟೀರಾಯ್ಡ್ ಹನಿಯನ್ನು ವೈದ್ಯರನ್ನು ಕೇಳದೆ ಹಾಕಿಕೊಳ್ಳುವುದು ದೃಷ್ಟಿಯ ನರವನ್ನು ಕೆಡಿಸುವ ಗ್ಲಾಕೋಮಾಕ್ಕೆ ಬಾಗಿಲು ತೆರೆದಂತೆ. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೇ ಬರೆದಿಡಿ, ಸಾಮಾನ್ಯವಾಗಿ ತಿಂಗಳಾದ ಮೇಲೆ ಎಸೆಯಬೇಕು.

ಪರದೆಯ ದಣಿವು ಕಣ್ಣನ್ನು ಕುರುಡು ಮಾಡುವುದಿಲ್ಲ. ಸಾಮಾನ್ಯವಾಗಿ ಎರಡೂ ಕಣ್ಣಿಗೆ ಬರುತ್ತದೆ, ನಿದ್ದೆಯಾದ ಮೇಲೆ ಇಳಿಯುತ್ತದೆ. ಒಂದೇ ಕಣ್ಣಿನ ನೋವು, ದಿಢೀರನೆ ಕುಗ್ಗಿದ ದೃಷ್ಟಿ, ಮಿಂಚಿನ ಗೆರೆ, ದೀಪದ ಸುತ್ತ ಬಣ್ಣದ ಬಳೆ, ಇವು ಈ ಖಾತೆಗೆ ಸೇರಿದವಲ್ಲ. ಇವು ಕಂಡರೆ ಮಾನಿಟರ್ ಸರಿಪಡಿಸುತ್ತ ಕೂರದೆ ಅವತ್ತೇ ಕಣ್ಣಿನ ವೈದ್ಯರ ಬಳಿ ಹೋಗಬೇಕು.