ಬರೀ ಅಸೂಯೆ ಅಂತ ಮುಗಿಸಬೇಡಿ

ಬಾಲ್ಯದ ಗೆಳತಿಯರಿಬ್ಬರು ಒಂದೇ ಗುರುವಿನ ಹತ್ತಿರ ಭರತನಾಟ್ಯ ಕಲಿತು, ಅರಂಗೇಟ್ರಂ (ಮೊದಲ ಪೂರ್ಣ ರಂಗಪ್ರವೇಶ) ಹೊತ್ತಿಗೆ ಮಾತು ಬಿಟ್ಟ ಕಥೆಯನ್ನು ಲೇಖಕಿ ಈ ಸಲದ ಕಂತಿನಲ್ಲಿ ಬರೆದಿದ್ದಾರೆ. ಕಾರಣ ಅಸೂಯೆ ಎನ್ನುತ್ತಾರೆ. ನನಗೆ ಅಷ್ಟೇ ಅನ್ನಿಸುವುದಿಲ್ಲ.

ನಾನು ಬೆಳೆದದ್ದು ಮುಂಬೈನ ಮಾಟುಂಗಾದಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಡ್ಯಾನ್ಸ್ ಕ್ಲಾಸಿನಲ್ಲಿ ತಮಿಳು ಪದಗಳು. ಜೊತೆಗೆ ಕಲಿಯುತ್ತಿದ್ದ ಗೆಳತಿ ಮರಾಠಿಯವಳು. ಅಭಿನಯದಲ್ಲಿ ನನಗಿಂತ ಎಷ್ಟೋ ಜಾಸ್ತಿ ಚೆನ್ನಾಗಿದ್ದಳು. ಆದರೂ ನಮ್ಮ ಕಡೆಯವರು, "ಇದು ನಮ್ಮ ಸೌತಿನದು, ಅವಳಿಗೆಲ್ಲಿ ಒಗ್ಗುತ್ತೆ?" ಎನ್ನುತ್ತಿದ್ದರು. ಅವಳ ಮನೆಯಲ್ಲಿ, ಕಥಕ್ ಬಿಟ್ಟು ಈ ಮದ್ರಾಸಿ ಡ್ಯಾನ್ಸ್ ಯಾಕೆ ಎಂಬ ತಕರಾರು.

ತಮಾಷೆ ನೋಡಿ. ಭರತನಾಟ್ಯ ಕಾರ್ಯಕ್ರಮದ ಇಂದಿನ ಕ್ರಮವನ್ನು, ಅಂದರೆ ಮೊದಲ ನೃತ್ಯ ಅಲರಿಪುವಿನಿಂದ ಕೊನೆಯ ತಿಲ್ಲಾನದವರೆಗಿನದನ್ನು, 19ನೇ ಶತಮಾನದಲ್ಲಿ ರೂಪಿಸಿದವರು ತಂಜಾವೂರಿನ ನಾಲ್ವರು ಸಹೋದರರು. ಆಗ ಅಲ್ಲಿ ಆಳುತ್ತಿದ್ದವರು ಮರಾಠ ದೊರೆಗಳು. ಎರಡನೇ ಸರ್ಫೋಜಿಯ ಆಸ್ಥಾನದಲ್ಲಿ ಮರಾಠಿ ಸಾಹಿತ್ಯಕ್ಕೂ ನೃತ್ಯವಿತ್ತು. ಆ ಸಹೋದರರಲ್ಲಿ ಹಿರಿಯರಾದ ಚಿನ್ನಯ್ಯ ಆಮೇಲೆ ಮೈಸೂರಿಗೆ, ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದರು. ಅಂದಮೇಲೆ ಅವಳದೂ ಹೌದು, ನಮ್ಮದೂ ಹೌದು, ಅಲ್ವಾ? ಕ್ಲಾಸಿನಲ್ಲಿ ಇದನ್ನು ಯಾರೂ ಹೇಳಲಿಲ್ಲ.

ಹೇಳಿದ್ದರೆ ನಾವು ದೂರವಾಗುತ್ತಿರಲಿಲ್ಲ ಅಂತೇನಲ್ಲ. ಅರಂಗೇಟ್ರಂ ಖರ್ಚು, ಮುಂದಿನ ಸಾಲಿನಲ್ಲಿ ಯಾರು ನಿಲ್ಲಬೇಕು ಎಂಬ ಮುನಿಸು (ಅದರಲ್ಲಿ ಅಮ್ಮಂದಿರ ಪಾಲೇ ಹೆಚ್ಚು), ಎಲ್ಲ ಸೇರಿಕೊಂಡಿತ್ತು. ಈಗ ದೀಪಾವಳಿಗೆ ಒಂದು ಮೆಸೇಜು, ಅಷ್ಟೇ.

ಲೇಖಕಿಯವರೇ, ಮುಂದಿನ ಕಂತಿನಲ್ಲಿ ಆ ಅಮ್ಮಂದಿರ ಬಗ್ಗೆಯೂ ಬರೆಯಿರಿ.