ಒಂದು ಮೇಜು, ಎರಡು ಕುರ್ಚಿ

ಬೆಳಿಗ್ಗೆಯಿಂದ ತಲೆಯಲ್ಲಿ ಒಂದೇ ಮಾತು ಗುಂಯ್‌ಗುಡುತ್ತಿದೆ. ಬರೆದು ಮುಗಿಸದಿದ್ದರೆ ಸಂಜೆ ಬರುವ ಪೇಷೆಂಟುಗಳ ಮೇಲೆ ರೇಗುತ್ತೇನೆ. ಹಾಗಾಗಿ ಇಲ್ಲಿ ಕಕ್ಕುತ್ತಿದ್ದೇನೆ, ಸಹಿಸಿಕೊಳ್ಳಿ.

ಇವತ್ತು ಬ್ರಹ್ಮಾವರದಲ್ಲಿ ನಮ್ಮ ಹುಡುಗಿಯೊಬ್ಬಳ ಕ್ಲಿನಿಕ್ ಓಪನಿಂಗ್ ಇತ್ತು. ಎರಡು ವರ್ಷ ಸಂತೆಕಟ್ಟೆಯಲ್ಲಿ ನನ್ನ ಜೊತೆ ಕೂತು ಕೆಲಸ ಕಲಿತವಳು, ನನ್ನನ್ನು ಮೇಡಂ ಅನ್ನದೆ ಅಕ್ಕ ಅನ್ನುವವಳು. ಗಣಹೋಮ ಮುಗಿದಿತ್ತು. ಅಪ್ಪ, ಅಮ್ಮ ಬಾಗಿಲಲ್ಲೇ ನಿಂತು ಬಂದವರಿಗೆಲ್ಲ ಶೀರಾ, ಉಪ್ಪಿಟ್ಟು ಕೊಡುತ್ತಿದ್ದರು. ಆಗ ಅವಳ ದೊಡ್ಡಪ್ಪ, ಮುಂಬೈಯಲ್ಲಿ ಹೋಟೆಲ್ ಇರುವವರು, ಇಡೀ ಕ್ಲಿನಿಕ್ಕನ್ನು ಕಣ್ಣಲ್ಲೇ ಅಳೆದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಡಾಕ್ಟ್ರಿಗೆ ಎಂತ ಖರ್ಚು ಉಂಟು ಮಾರಾಯ್ರೆ? ಒಂದು ಮೇಜು, ಎರಡು ಕುರ್ಚಿ, ಕುತ್ತಿಗೆಗೆ ನೇತಾಡಿಸ್ಲಿಕ್ಕೆ ಒಂದು ಅದು. ಮತ್ತೆ ಬಂದದ್ದೆಲ್ಲ ಲಾಭವೇ. ಹೋಟೆಲ್ ಇಟ್ಟು ನೋಡ್ಬೇಕು, ಆಗ ಗೊತ್ತಾಗ್ತದೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾಯಲ್ಲಿ ಶೀರಾ ಇತ್ತು, ಅವರ ಪುಣ್ಯ.

ಹೋಟೆಲ್ ಸುಲಭ ಅಂತ ನಾನು ಹೇಳುವುದಿಲ್ಲ. ಉಡುಪಿಯಲ್ಲಿ ಹುಟ್ಟಿ ಹಾಗೆ ಹೇಳಿದರೆ ಊರು ಬಿಡಬೇಕಾಗುತ್ತದೆ. ಆದರೆ ದೊಡ್ಡಪ್ಪ, ನಿಮ್ಮ ಗಿರಾಕಿ ಯಾವತ್ತಾದರೂ ಮನೆಯಲ್ಲಿ ಉಳಿದ ಇಡ್ಲಿಯ ಫೋಟೋ ವಾಟ್ಸಾಪ್ ಮಾಡಿ, “ಇದು ತಿನ್ನಬಹುದಾ, ಸುಮ್ನೆ ಕೇಳಿದ್ದು” ಅಂದದ್ದುಂಟಾ? ನೀವು ಮೊದಲ ದಿನ ಪೇಪರಿನೊಳಗೆ ಪಾಂಪ್ಲೆಟ್ ಇಟ್ಟು ಹಂಚಬಹುದು, ಒಂದು ದೋಸೆಗೆ ಒಂದು ಕಾಫಿ ಫ್ರೀ ಅನ್ನಬಹುದು. ನಾನು ಜ್ವರ ತೋರಿಸಿದವರಿಗೆ ಶೀತ ಫ್ರೀ ಅನ್ನಲಿಕ್ಕಾಗುತ್ತದಾ? ನಮ್ಮ ವೃತ್ತಿಯ ನಡತೆಗೆ 2002ರ ನಿಯಮಾವಳಿ ಇದೆ. ಕ್ಲಿನಿಕ್ ಶುರು ಮಾಡಿದಾಗ, ವಿಳಾಸ ಬದಲಾದಾಗ ಪೇಪರಿನಲ್ಲಿ ಒಂದು ಪ್ರಕಟಣೆ ಕೊಡಬಹುದು. ಡಂಗುರ ಸಾರುವ ಹಾಗಿಲ್ಲ. ಬೋರ್ಡು ಕೂಡ ವಿಪರೀತ ದೊಡ್ಡದು ಇರಬಾರದು. ಅದರಲ್ಲಿ ಹೆಸರು, ಡಿಗ್ರಿ, ರಿಜಿಸ್ಟ್ರೇಷನ್ ನಂಬರ್, ಅಷ್ಟೇ ಇರಬೇಕು ಹೆಚ್ಚುಕಮ್ಮಿ. ಮೆಡಿಕಲ್ ಶಾಪಿನ ಗೋಡೆಗೆ ನನ್ನ ಬೋರ್ಡು ನೇತುಹಾಕಿದರೆ ಅದೂ ತಪ್ಪು.

ಬೋರ್ಡು ಅಂದಾಗ ನೆನಪಾಯಿತು. 2011ರ ಮೇ ತಿಂಗಳು, ನನ್ನ ಕ್ಲಿನಿಕ್ ಶುರುವಾಗಲು ಎರಡು ದಿನ ಇತ್ತು. ಪೇಂಟರ್ ಪಾಪ ಒಳ್ಳೆಯ ಮನುಷ್ಯ. ಬಿಳಿ ಬೋರ್ಡಿನ ಎರಡೂ ಮೂಲೆಗೆ ದಪ್ಪ ಕೆಂಪು ಪ್ಲಸ್ ಬರೆದು, “ಇದು ನನ್ನ ಲೆಕ್ಕದಲ್ಲಿ ಡಾಕ್ಟ್ರೆ, ದುಡ್ಡು ಬೇಡ” ಅಂದ. ನನಗೆ ಅಳು ಬರುವುದೊಂದು ಬಾಕಿ. ಬಿಳಿಯ ಮೇಲೆ ಕೆಂಪು ಕ್ರಾಸ್ ರೆಡ್‌ಕ್ರಾಸ್‌ನ ಚಿಹ್ನೆ. 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ ನಮ್ಮಂಥ ಡಾಕ್ಟರುಗಳು ಅದನ್ನು ಹಾಕುವ ಹಾಗಿಲ್ಲ. ಇದನ್ನು ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ಒಂದು ಗಂಟೆ ಹೋಯಿತು. ಬೇಜಾರಿನಲ್ಲೇ ಮೇಲೆ ಬಿಳಿ ಬಳಿದ. ಜೂನ್ ಮಳೆಗೆ ಆ ಬಿಳಿ ತೊಳೆದು ಹೋಗಿ, ಪ್ಲಸ್ಸುಗಳು ಗುಲಾಬಿ ಬಣ್ಣದಲ್ಲಿ ಮತ್ತೆ ಇಣುಕಿದವು. ಮತ್ತೆ ಪೇಂಟ್, ಮತ್ತೆ ಖರ್ಚು. 2024ರಲ್ಲಿ ಇನ್ನೊಂದು ಆದೇಶ ಬಂತು. ನೋಂದಣಿ ಸಂಖ್ಯೆ ಕಾಣಬೇಕು, ಅಲೋಪತಿಯವರ ಬೋರ್ಡು ತಿಳಿ ನೀಲಿ ಇರಬೇಕು, ಆಯುರ್ವೇದದವರದ್ದು ಹಸಿರು. ಸರಿ, ನೀಲಿ ಬಳಿಸಿದೆ. ಅದೇ ವರ್ಷ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು ಅಂತ ಕಾಯ್ದೆ ಬಂತು. ಅದಕ್ಕೆ ಮಾತ್ರ ನಾನು ಏನೂ ಮಾಡಬೇಕಾಗಲಿಲ್ಲ, ನನ್ನದು ಮೊದಲಿನಿಂದಲೂ ಕನ್ನಡವೇ.

ಇನ್ನು ಆ ಮೇಜು. ಮೇಜಿನ ಮೇಲೆ ಸ್ಟೆತಸ್ಕೋಪ್ ಇರುವುದು ಎಲ್ಲರಿಗೂ ಕಾಣುತ್ತದೆ. ಒಮ್ಮೆ ಬಗ್ಗಿ ಕೆಳಗೂ ನೋಡಿ. ರಕ್ತ ತಾಗಿದ ಹತ್ತಿಗೆ ಹಳದಿ ಡಬ್ಬಿ. ಸೂಜಿ ತೆಗೆದ ಸಿರಿಂಜಿಗೆ ಕೆಂಪು. ಸೂಜಿಗೆ ತೂತಾಗದ ಬಿಳಿ ಡಬ್ಬಿ. ಗಾಜಿನ ಬಾಟಲಿಗೆ ನೀಲಿ. ಇದು 2016ರ ನಿಯಮ. ನನ್ನ ಕ್ಲಿನಿಕ್ಕಿನಲ್ಲಿ ಇವೆಲ್ಲ ಸೇರಿ ಎರಡು ಮುಷ್ಟಿ ಆದರೆ ಹೆಚ್ಚು. ಆದರೂ ರಕ್ತ ತಾಗಿದ ಹತ್ತಿಯನ್ನು 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಒಯ್ಯುವವರ ಜೊತೆ ಕರಾರು ಬೇಕು, ಅವರಿಗೆ ತಿಂಗಳ ದುಡ್ಡು ಕೊಡಬೇಕು. ದಿನದಿನದ ತೂಕ ಪುಸ್ತಕದಲ್ಲಿ ಬರೆಯಬೇಕು, ಜೂನ್ 30ರೊಳಗೆ ವರ್ಷದ ವರದಿ ಕಳಿಸಬೇಕು. ಇದರ ಮೇಲೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ನಮ್ಮ ಬಾಯಲ್ಲಿ ಕೆಪಿಎಂಇ. ನಾನೊಬ್ಬಳೇ ಕೂರುವ ಹತ್ತು ಬೈ ಹನ್ನೆರಡರ ಕೋಣೆಗೂ ನೋಂದಣಿ ಬೇಕು, ಐದು ವರ್ಷಕ್ಕೊಮ್ಮೆ ನವೀಕರಣ. ಮೊದಲ ಸಲ ಆ ಫೈಲ್ ಹಿಡಿದು ನಾನು ಎಷ್ಟು ಮೆಟ್ಟಿಲು ಹತ್ತಿ ಇಳಿದೆ ಅನ್ನುವುದು ನನ್ನ ಮೊಣಕಾಲಿಗೆ ಗೊತ್ತು. ಎಂಬಿಬಿಎಸ್ಸಿನ ನಾಲ್ಕೂವರೆ ವರ್ಷ, ಮೇಲೊಂದು ವರ್ಷದ ಇಂಟರ್ನ್‌ಶಿಪ್‌ನಲ್ಲಿ ಇದರ ಒಂದು ಪಾಠ ಇರಲಿಲ್ಲ. ಮೂಳೆಗಳ ಹೆಸರು ಈಗಲೂ ನಿದ್ದೆಯಲ್ಲಿ ಹೇಳುತ್ತೇನೆ. ಬಾಡಿಗೆ ಅಗ್ರಿಮೆಂಟ್ ಓದಲು ಬರುತ್ತಿರಲಿಲ್ಲ.

ಬಾಡಿಗೆಯ ಮಾತು ಬಂದಾಗ ಕಟ್ಟಡದವರು ಕೇಳಿದ ಮೊದಲ ಪ್ರಶ್ನೆ, “ಮದುವೆ ಆದ್ಮೇಲೆ ಬಿಟ್ಟು ಹೋಗ್ತೀರಾ?” ಮುಂದೆ ಬರೆಯುವುದಿಲ್ಲ, ಬಿಪಿ ಏರುತ್ತದೆ.

ಮೊದಲ ತಿಂಗಳು ಬಂದವರು 43 ಜನ. ಅದರಲ್ಲಿ 19 ಮಂದಿ ನೆಂಟರು. ಇಬ್ಬರು ಪಕ್ಕದ ಸೊಸೈಟಿ ಎಲ್ಲಿ ಅಂತ ಕೇಳಲು ಬಂದವರು. ಫೀಸು 50 ರೂಪಾಯಿ, ನೆಂಟರಿಗೆ ಫ್ರೀ. ಬಾಡಿಗೆ 9,000. ಲೆಕ್ಕ ನೀವೇ ಹಾಕಿ, ನನಗೆ ಈಗಲೂ ಹೊಟ್ಟೆ ತೊಳಸುತ್ತದೆ.

ಯಾಕೆ ಬರಬೇಕು ಹೇಳಿ ಜನ? 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದ ಗುಡ್ಡದ ಮೇಲೆ ಮೆಡಿಕಲ್ ಕಾಲೇಜು ಕಟ್ಟಿದರು, ನಾವೆಲ್ಲ ಅದರ ಅನ್ನ ತಿಂದವರೇ. ಆದರೆ ಅದರ ನೆರಳಲ್ಲಿ ಒಂದು ಕೋಣೆಯ ಕ್ಲಿನಿಕ್ ಇಟ್ಟು ನೋಡಿ. ಶೀತಕ್ಕೂ ಸ್ಪೆಷಲಿಸ್ಟ್ ಬೇಕು. “ಬರೀ ಎಂಬಿಬಿಎಸ್ಸಾ?” ಅಂತ ನನ್ನ ಮುಖಕ್ಕೇ ಕೇಳಿದವರಿದ್ದಾರೆ. ಹೌದಮ್ಮ, ಬರೀ.

ಈಗ ಒಂದು ಗುಟ್ಟು ಹೇಳುತ್ತೇನೆ. ನಮ್ಮ ಕಡೆ ಕ್ಲಿನಿಕ್ಕಿನ ಹೊರಗೆ ಚಪ್ಪಲಿ ನೋಡಿಯೇ ಜನ ಲೆಕ್ಕ ಹಾಕುತ್ತಾರೆ. ಚಪ್ಪಲಿ ರಾಶಿ ಇದ್ದರೆ ಒಳ್ಳೆ ಡಾಕ್ಟರು. ನಾನು ಮನೆಯಿಂದ ಮೂರು ಜೊತೆ ಹಳೇ ಚಪ್ಪಲಿ ತಂದು ಮೆಟ್ಟಿಲ ಮೇಲೆ ಇಡುತ್ತಿದ್ದೆ. ಒಂದು ಅಪ್ಪನದ್ದು, ಒಂದು ಅಮ್ಮನದ್ದು, ಒಂದು ತಮ್ಮನ ಶಾಲೆಯ ಕಾಲದ್ದು. ದಿನಾ ಜಾಗ ಬದಲಿಸಿ ಇಡಬೇಕಿತ್ತು, ಇಲ್ಲದಿದ್ದರೆ ಎದುರಿನ ಜಿನಸಿ ಅಂಗಡಿಯವರಿಗೆ ಗೊತ್ತಾಗುತ್ತದೆ. ಒಂದು ದಿನ ಅಪ್ಪನ ಚಪ್ಪಲಿಯನ್ನು ಯಾರೋ ಹಾಕಿಕೊಂಡು ಹೋದರು. ಯಾರೋ ಬಂದಿದ್ದಾರಲ್ಲ ಅಂತ ನನಗೆ ಖುಷಿಯೇ ಆಯಿತು!

ಇದು ನಗುವ ಕತೆ. ಇನ್ನೊಂದು ಇದೆ, ಅದಕ್ಕೆ ನಗು ಬರುವುದಿಲ್ಲ. ಮೈಕೈ ನೋವು ಅಂತ ಬಂದವರಿಗೆ ಗುಳಿಗೆ ಬರೆದುಕೊಟ್ಟರೆ, “ಸೂಜಿ ಕೊಡ್ಲಿಲ್ಲ, ಮತ್ತೆ ಎಂತದಕ್ಕೆ ಫೀಸು?” ಅನ್ನುತ್ತಿದ್ದರು. ಒಂದೆರಡು ತಿಂಗಳು ತಡೆದೆ. ಆಮೇಲೆ ಬೇಕಿಲ್ಲದವರಿಗೂ ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಕೊಟ್ಟೆ. ಆರು ತಿಂಗಳು ಕೊಟ್ಟೆ. ಗೊತ್ತಿದ್ದೂ ಕೊಟ್ಟೆ. ಅದನ್ನು ಬಿಟ್ಟ ದಿನ ಯಾವುದು ಅಂತ ನೆನಪಿಲ್ಲ, ಶುರು ಮಾಡಿದ ದಿನ ಮಾತ್ರ ಚೆನ್ನಾಗಿ ನೆನಪಿದೆ. ಬಾಡಿಗೆಯ ದಿನ.

ಈಗ ಕಮೆಂಟಿಗೆ ಬರುತ್ತೀರಿ, ಗೊತ್ತು. ಡಾಕ್ಟರುಗಳೂ ಸುಲಿಯುತ್ತಾರೆ, ಸ್ಕ್ಯಾನಿಗೆ ಕಮಿಷನ್ ತಿನ್ನುತ್ತಾರೆ, ಕಾನೂನು ಬೇಡವಾ? ಬೇಕು. ಯಾರು ಬೇಡ ಅಂದರು? 1995ರಲ್ಲೇ ಸುಪ್ರೀಂ ಕೋರ್ಟು ನಮ್ಮನ್ನು ಗ್ರಾಹಕ ಕಾಯ್ದೆಯ ಕೆಳಗೆ ತಂದಿದೆ, ಅದೂ ಸರಿಯೇ. 2017ರ ನವೆಂಬರಿನಲ್ಲಿ ಕೆಪಿಎಂಇ ತಿದ್ದುಪಡಿ ವಿರುದ್ಧ ಮುಷ್ಕರ ಆದಾಗ ನಾನೂ ಶಟರ್ ಎಳೆದಿದ್ದೆ. ಮಲ್ಪೆಯ ಒಬ್ಬರು ಕೈಗೆ ಗಾಳ ಚುಚ್ಚಿಸಿಕೊಂಡು ಬಂದರು, ಹಿಂದಿನ ಬಾಗಿಲಿಂದ ಒಳಗೆ ಕರೆದು ತೆಗೆದೆ. ಮುಷ್ಕರಕ್ಕೂ ನಾನು ಆಗಿಬರಲಿಲ್ಲ. ನನ್ನ ಸಿಟ್ಟು ಇಷ್ಟೇ. ಡಿಗ್ರಿಯೇ ಇಲ್ಲದೆ ಸೂಜಿ ಚುಚ್ಚುವವನ ಹತ್ತಿರ ಫೈಲೇ ಇರುವುದಿಲ್ಲ, ಅವನಿಗೆ ನವೀಕರಣವೂ ಇಲ್ಲ, ಜೂನ್ 30ಕ್ಕೆ ವರದಿಯೂ ಇಲ್ಲ. ನಿಜವಾಗಿ ಒಂದು ಮೇಜು, ಎರಡು ಕುರ್ಚಿಯಲ್ಲಿ ನಡೆಯುವುದು ಅವನದ್ದು ಮಾತ್ರ!

ಫ್ರಿಜ್ಜಿನ ಕತೆಯೊಂದು ಹೇಳಿಬಿಡುತ್ತೇನೆ. ನಾಯಿ ಕಡಿತದ ಲಸಿಕೆ ಎರಡರಿಂದ ಎಂಟು ಡಿಗ್ರಿಯಲ್ಲೇ ಇರಬೇಕು. ಒಂದು ಜುಲೈಯಲ್ಲಿ ಗಾಳಿಮಳೆಗೆ ಮರ ಬಿದ್ದು ಇಡೀ ದಿನ ಕರೆಂಟಿಲ್ಲ. ರಾತ್ರಿ ಒಂಬತ್ತಕ್ಕೆ ರೈನ್‌ಕೋಟ್ ಹಾಕಿ, ಲಸಿಕೆಯ ಡಬ್ಬಿಯನ್ನು ಸ್ಕೂಟರಿನಲ್ಲಿ ಕಾಲ ನಡುವೆ ಇಟ್ಟುಕೊಂಡು, ಜನರೇಟರ್ ಇರುವ ನಾದಿನಿಯ ಫ್ಲ್ಯಾಟಿಗೆ ಹೋದೆ. ಅವಳ ಫ್ರಿಜ್ಜಿನಿಂದ ಬಂಗುಡೆ ಸಾರು, ಮೊಸರು, ದೋಸೆ ಹಿಟ್ಟು ಎಲ್ಲ ಹೊರಗೆ ಬಂತು. ಬೆಳಿಗ್ಗೆಗೆ ಹಿಟ್ಟು ಉಕ್ಕಿ ಕಟ್ಟೆಯಿಡೀ ಹರಿದಿತ್ತು. ಲಸಿಕೆ ಉಳಿಯಿತು. ನಾದಿನಿ ವಾರ ಮಾತಾಡಲಿಲ್ಲ.

ಇರಲಿ, ಬ್ರಹ್ಮಾವರಕ್ಕೆ ವಾಪಸ್ ಬರುತ್ತೇನೆ. ಹೊರಡುವಾಗ ಹುಡುಗಿ ಕೈ ಹಿಡಿದು, “ಅಕ್ಕ, ನಾಳೆ ಯಾರೂ ಬರದಿದ್ರೆ?” ಅಂದಳು. ಚಪ್ಪಲಿಯ ಗುಟ್ಟು ಬಾಯಿಗೆ ಬಂದಿತ್ತು, ಅಷ್ಟು ಜನರೆದುರು ಹೇಳಲಿಲ್ಲ. ಇಲ್ಲಿ ಓದುತ್ತಾಳೆ.

ಮೆಟ್ಟಿಲಿಳಿದು ಚಪ್ಪಲಿ ಹುಡುಕುತ್ತಿದ್ದೆ. ಹಿಂದೆಯೇ ದೊಡ್ಡಪ್ಪ ಬಂದರು. ಒಂದು ಕೈಯಲ್ಲಿ ಶೀರಾದ ಪ್ಲೇಟು, ಇನ್ನೊಂದರಲ್ಲಿ ಮೊಬೈಲು. “ಡಾಕ್ಟ್ರೆ, ನಿಂತ ಹಾಗೇ ಇದೊಂದು ರಿಪೋರ್ಟ್ ನೋಡಿ, ಎರಡು ನಿಮಿಷ.” ನೋಡಿದೆ. ಮೂರು ತಿಂಗಳ ಶುಗರ್ ಸರಾಸರಿ ಹೇಳುವ ಟೆಸ್ಟು, 9.4. ತುಂಬಾ ಜಾಸ್ತಿ. ಮೇಜೂ ಇಲ್ಲ, ಕುರ್ಚಿಯೂ ಇಲ್ಲ, ಹೋಗಿ ಬರುವವರ ನಡುವೆ.

“ಒಳಗೆ ಮೇಜು ಉಂಟಲ್ಲ, ಎರಡು ಕುರ್ಚಿಯೂ ಉಂಟು,” ಅಂದೆ. “ಹೋಗಿ ಕೂತ್ಕೊಳ್ಳಿ, ನಿಮ್ಮ ಮಗಳಿಗೇ ತೋರಿಸಿ. ಫೀಸು 200. ಅವಳಿಗೆ ಬೋಣಿ ಆಗ್ತದೆ.”

“ನಮ್ಮ ಮನೆ ಹುಡುಗಿಗೆ ಎಂತ ಫೀಸು ಮಾರಾಯ್ರೆ!” ಅಂದರು. ಇನ್ನೊಂದು ಸೌಟು ಶೀರಾ ಹಾಕಿಸಿಕೊಳ್ಳಲು ಒಳಗೆ ಹೋದರು.