ಸತ್ಯಾಂಶ: ತೊಳೆದ ಕಾರನ್ನು ಬಿಸಿಲಲ್ಲಿ ಒಣಗಿಸಿದರೆ ಬಣ್ಣ ಉಳಿಯುತ್ತದೆಯೇ?

"ಕಾರು ತೊಳೆದ ಮೇಲೆ ಬಟ್ಟೆ ಮುಟ್ಟಿಸಲೇಬೇಡಿ, ಗೀರು ಬೀಳುತ್ತದೆ. ಬಿಸಿಲಲ್ಲಿ ನಿಲ್ಲಿಸಿ, ತಾನಾಗಿಯೇ ಒಣಗಲಿ." ಈ ಮೆಸೇಜ್ ನಿಮಗೂ ಬಂದಿರಬಹುದು. ಇದರಲ್ಲಿ ಅರ್ಧ ಮಾತ್ರ ನಿಜ.

ಗೀರು ಬೀಳುವುದು ಹೌದು. ಆದರೆ ಹೆಚ್ಚಿನ ತಪ್ಪು ಬಟ್ಟೆಯದಲ್ಲ, ಬಣ್ಣದ ಮೇಲೆ ಉಳಿದ ಧೂಳಿನದು. ಒರಟು ಬಟ್ಟೆಯಲ್ಲಿ ಒತ್ತಿ ಉಜ್ಜಿದರೆ ಆ ಧೂಳೇ ಮರಳು ಕಾಗದದ ಕೆಲಸ ಮಾಡುತ್ತದೆ.

ಬಿಸಿಲಿನ ಕತೆ ಬೇರೆ. ನೀರು ಆವಿಯಾಗುತ್ತದೆ, ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಆವಿಯಾಗುವುದಿಲ್ಲ. ಪ್ರತಿ ಹನಿಯ ಜಾಗದಲ್ಲೂ ಬಿಳಿ ಕಲೆ ಕೂರುತ್ತದೆ. ಗಡಸು ನೀರಾದರೆ ಇನ್ನೂ ಜಾಸ್ತಿ. ಸ್ಟೀಲ್ ಲೋಟದ ಮೇಲೆ ಕಾಣುತ್ತದಲ್ವಾ, ಅದೇ ಕಲೆ. ಹಾಗೇ ಬಿಟ್ಟರೆ ಮೇಲಿನ ಪಾರದರ್ಶಕ ಪದರವನ್ನೂ ಕೊರೆಯಬಹುದು. ಆಮೇಲೆ ಪಾಲಿಶ್ ಮಾಡದೆ ಹೋಗುವುದಿಲ್ಲ.

ಹಾಗಾದರೆ ಏನು ಮಾಡುವುದು? ನೆರಳಲ್ಲಿ ತೊಳೆಯಿರಿ. ಕೊನೆಯಲ್ಲಿ ಪೈಪಿನ ನಳಿಕೆ ತೆಗೆದು, ಮೇಲಿನಿಂದ ನಿಧಾನವಾಗಿ ನೀರು ಹರಿಸಿ. ಹೆಚ್ಚಿನ ಹನಿಗಳು ಅದರ ಜೊತೆಗೇ ಇಳಿದುಹೋಗುತ್ತವೆ. ಉಳಿದದ್ದಕ್ಕೆ ದಪ್ಪನೆಯ, ಶುಚಿಯಾದ ಮೈಕ್ರೋಫೈಬರ್ ಬಟ್ಟೆ ಹಾಸಿ, ಮೆಲ್ಲಗೆ ಒತ್ತಿ ಎತ್ತಿದರೆ ಸಾಕು. ಚಾವಣಿಯಿಂದ ಶುರು ಮಾಡಿ, ಕೊಳೆ ಜಾಸ್ತಿ ಇರುವ ಕೆಳಭಾಗ ಕೊನೆಗೆ. ಬಟ್ಟೆ ನೆಲಕ್ಕೆ ಬಿತ್ತಾ? ಅದನ್ನು ಮತ್ತೆ ಬಳಸಬೇಡಿ. ಹಳೆ ಬನಿಯನ್ನೂ ಬೇಡ, ಅದರ ಹೊಲಿಗೆಯೇ ಗೀರುತ್ತದೆ.

ಬ್ರೇಕ್ ಮರೆಯಬೇಡಿ. ಚಕ್ರದ ಒಳಗಿರುವ ಬ್ರೇಕಿನ ಲೋಹದ ತಟ್ಟೆ, ಅಂದರೆ ಡಿಸ್ಕ್, ಒದ್ದೆಯಾಗಿದ್ದರೆ ಅದರ ಮೇಲೆ ತುಕ್ಕು ಬೇಗ ಕೂರುತ್ತದೆ. ನಿಲ್ಲಿಸುವ ಮುಂಚೆ ಸ್ವಲ್ಪ ದೂರ ನಿಧಾನವಾಗಿ ಓಡಿಸಿ, ಎರಡು ಮೂರು ಸಲ ಬ್ರೇಕ್ ಒತ್ತಿ.